ನಾಲ್ಕು ದಿನದ ಸುಳ್ಳು

ಹುಲ್ಡಾ ಕ್ರೂಗರ್ ಎಂಬಾಕೆಯ ಅಡುಗೆಮನೆಯ ಗೋಡೆಯಲ್ಲಿ ಸಾಲಾಗಿ ಆರು ಮೊಳೆಗಳಿದ್ದವು. ಅವಳಿಗೆ ಮಕ್ಕಳೂ ಆರು. ಐದು ಮೊಳೆಗಳಲ್ಲಿ ಐದು ಮಕ್ಕಳ ದೀಕ್ಷಾಸ್ನಾನದ ಪತ್ರಗಳು ಗಾಜಿನ ಕಟ್ಟಿನೊಳಗೆ ತೂಗುತ್ತಿದ್ದವು. ಪತ್ರದ ಮೇಲುಗಡೆ ಒಂದು ಪಾರಿವಾಳ, ಕೆಳಗೆ ಮಗುವಿನ ಹೆಸರು, ಹುಟ್ಟಿದ ದಿನ, ಸ್ನಾನವಾದ ದಿನ, ಪಾದ್ರಿಯ ರುಜು. ಎಡದಿಂದ ಮೂರನೆಯ ಮೊಳೆ ಮಾತ್ರ ಬರಿದು. ಅದು ಮೂರನೆಯ ಮಗು ವರ್ಲಿನ್‌ನ ಜಾಗ. ಮನೆಗೆ ಬಣ್ಣ ಹೊಡೆಸಿದಾಗ ಆ ಪತ್ರ ಎಲ್ಲೋ ಕಳೆದುಹೋಯಿತೆಂದು ಹುಲ್ಡಾ ಮಕ್ಕಳಿಗೆ ಹೇಳಿದ್ದಳು. ಅದು ಕಳೆದಿರಲಿಲ್ಲ. ಮೇಜುಬಟ್ಟೆಗಳನ್ನಿಡುವ ಡ್ರಾಯರಿನಲ್ಲಿ, ಎಲ್ಲಕ್ಕಿಂತ ಅಡಿಯಲ್ಲಿ, ಬೋರಲಾಗಿ ಬಿದ್ದಿತ್ತು. ಹದಿನೈದು ವರ್ಷದಿಂದ ಬಿದ್ದಿತ್ತು.

ಮಹಾಯುದ್ಧ ಮುಗಿದು ಗಂಡಸರು ಮರಳಿದ ಮೇಲೆ, ಮಿಶಿಗನ್ ಸರೋವರದ ದಡದ ಆ ಊರಿನಲ್ಲಿ ತೊಟ್ಟಿಲಿಲ್ಲದ ಮನೆಯೇ ಇರಲಿಲ್ಲ. ಹುಲ್ಡಾಳ ಗಂಡ ಆರ್ನೊ ನಲವತ್ತೈದನೆಯ ಇಸವಿಯ ಕೊನೆಯಲ್ಲಿ ಬಂದ. ಮರುವರ್ಷ ಮಾರ್ಲಿಸ್ ಹುಟ್ಟಿದಳು, ಎರಡು ವರ್ಷ ಬಿಟ್ಟು ಲೊಯಿಸ್, ಆಮೇಲೆ ವರ್ಲಿನ್, ಆಮೇಲೆ ಜಾನಿಸ್, ಕೊನೆಗೆ ಅವಳಿ ಹೆಣ್ಣುಮಕ್ಕಳು. ಆರ್ನೊ ಕುರ್ಚಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಸಾಲಿನಲ್ಲಿ ನಿಂತು ದುಡಿಯುತ್ತಿದ್ದ ಹನ್ನೊಂದು ಜನರಿಗೆ ಒಟ್ಟು ಐವತ್ತೆರಡು ಮಕ್ಕಳು. ಭಾನುವಾರ ಚರ್ಚಿನಲ್ಲಿ ಉಪದೇಶಕ್ಕಿಂತ ಕೂಸುಗಳ ಅಳುವೇ ಹೆಚ್ಚು ಕೇಳಿಸುತ್ತಿತ್ತು. ಒಂದೇ ಭಾನುವಾರ ಒಂಬತ್ತು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಕೈ ನೊಂದ ಮುದಿ ಪಾದ್ರಿ ಒಮ್ಮೆ ನಗುತ್ತ, "ಕೂಸುಗಳನ್ನ ಕೊಲ್ಲಿಸಿದ ಆ ಹೆರೋದ ರಾಜ ನಮ್ಮೂರಿಗೇನಾದರೂ ಬಂದಿದ್ರೆ, ಲೆಕ್ಕ ತಪ್ಪಿ ಸುಸ್ತಾಗಿ ಹಿಂದಕ್ಕೆ ಹೋಗ್ತಿದ್ದ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಹುಲ್ಡಾ ಕೂಡ ನಕ್ಕಿದ್ದಳು. ಆ ನಗುವನ್ನು ಅವಳು ಮುಂದೆ ಬಹಳ ಸಲ ನೆನೆಸಿಕೊಂಡಳು.

ವರ್ಲಿನ್ ಹುಟ್ಟಿದ್ದು ಸಾವಿರದ ಒಂಬೈನೂರ ಐವತ್ತನೆಯ ಇಸವಿ ಜನವರಿ ಮೂರನೆಯ ತಾರೀಖು. ಆ ದಿನ ಹಿಮ ಬಾಗಿಲ ಎತ್ತರಕ್ಕೆ ಬಿದ್ದಿತ್ತು. ಆಸ್ಪತ್ರೆಗೆ ಹೋಗಲು ದಾರಿಯಿಲ್ಲದೆ ಪಕ್ಕದ ಬೀದಿಯ ಓಲ್ಗಾ ಎಂಬ ಮುದುಕಿ, ಮೊದಲು ಸೂಲಗಿತ್ತಿಯಾಗಿದ್ದವಳು, ಸೊಂಟದವರೆಗೆ ಹಿಮ ದಾಟಿಕೊಂಡು ಬಂದು ಹೆರಿಗೆ ಮಾಡಿಸಿದಳು. ಹುಟ್ಟಿದ ಸುದ್ದಿಯನ್ನು ಜಿಲ್ಲಾ ಕಚೇರಿಗೆ ಬರೆದು ಕಳಿಸಬೇಕಾದವಳು ಅವಳೇ. ಹಿಮ ಕರಗಲಿ ಎಂದಳು, ಹಿಮ ಕರಗಿತು, ಆಮೇಲೆ ಮರೆತಳು. ಮೂರು ವಾರದ ಮೇಲೆ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ಪಾದ್ರಿ ತಮ್ಮ ದೊಡ್ಡ ಪುಸ್ತಕದಲ್ಲಿ ದಿನ ಬರೆದುಕೊಂಡು ಪತ್ರ ಕೊಟ್ಟರು. ಸರ್ಕಾರದ ಪಾಲಿಗೆ ಮಾತ್ರ ಆ ಮಗು ಹುಟ್ಟಿರಲಿಲ್ಲ.

ಐವತ್ತನಾಲ್ಕರ ಆಗಸ್ಟಿನಲ್ಲಿ ಅವಳಿಗಳಿಗೆ ನಾಲ್ಕು ತಿಂಗಳು. ಹುಲ್ಡಾ ಕಣ್ತುಂಬ ನಿದ್ದೆ ಮಾಡಿ ವರ್ಷವಾಗಿತ್ತು. ಒಂದು ಕೂಸು ಮಲಗಿದರೆ ಇನ್ನೊಂದು ಏಳುತ್ತಿತ್ತು. ಎರಡು ವರ್ಷದ ಜಾನಿಸ್ ಅಮ್ಮನ ಲಂಗ ಬಿಡುತ್ತಿರಲಿಲ್ಲ. ನಾಲ್ಕೂವರೆಯ ವರ್ಲಿನ್ ಒಂದು ಕಡೆ ನಿಲ್ಲುವ ಹುಡುಗನಲ್ಲ. ಬೆಣ್ಣೆಯ ಬಟ್ಟಲಿಗೆ ಸಾಬೂನು ಹಾಕುತ್ತಿದ್ದ, ಒಗೆದು ಹಾಕಿದ ಬಟ್ಟೆಯ ಹಗ್ಗ ಹಿಡಿದು ಜೋಲುತ್ತಿದ್ದ, "ಯಾಕೆ" ಎಂದು ದಿನಕ್ಕೆ ನೂರು ಸಲ ಕೇಳುತ್ತಿದ್ದ.

ಊರಿನ ಶಾಲೆಯಲ್ಲಿ ಆಗ ಮಕ್ಕಳನ್ನು ಕೂರಿಸಲು ಜಾಗವಿರಲಿಲ್ಲ. ನೆಲಮಾಳಿಗೆಯಲ್ಲಿ ಒಂದು ತರಗತಿ, ಮೆಟ್ಟಿಲ ಕೆಳಗೆ ಒಂದು. ಚಿಕ್ಕ ಮಕ್ಕಳ ತರಗತಿಯನ್ನು ಕಾರ್ಖಾನೆಯ ಹಾಗೆ ಎರಡು ಪಾಳಿ ಮಾಡಿದ್ದರು. ಬೆಳಗಿನ ಮಗು ಎದ್ದ ಬೆಂಚಿನ ಮೇಲೆ ಮಧ್ಯಾಹ್ನದ ಮಗು ಕೂರಬೇಕು. ಡಿಸೆಂಬರ್ ಮೂವತ್ತೊಂದರೊಳಗೆ ಐದು ತುಂಬುವವರಿಗೆ ಮಾತ್ರ ಪ್ರವೇಶ, ಒಂದು ದಿನ ತಡವಾದರೂ ಮುಂದಿನ ವರ್ಷ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಹುಟ್ಟಿದ ದಾಖಲೆಯಿಲ್ಲದ ಮಗುವಾದರೆ, ಹುಟ್ಟಿದ್ದನ್ನು ಬಲ್ಲ ಇಬ್ಬರು ಪ್ರಮಾಣ ಮಾಡಿ ರುಜು ಹಾಕಿದರೆ ಸಾಕೆಂದು ಜಿಲ್ಲಾ ಕಚೇರಿಯವರು ಹೇಳಿದರು.

ಹುಲ್ಡಾ ಓಲ್ಗಾಳ ಮನೆಗೆ ಹೋದಳು. ಒಂದು ಕೂಸು ತೋಳಿನಲ್ಲಿ, ಇನ್ನೊಂದು ಗಾಡಿಯಲ್ಲಿ.

"ನಾಲ್ಕು ದಿನ ತಾನೇ" ಎಂದಳು ಓಲ್ಗಾ. "ಆ ಹಿಮದಲ್ಲಿ ಇದು ಡಿಸೆಂಬರೋ ಜನವರಿಯೋ ಅಂತ ಯಾರಿಗೆ ಗೊತ್ತಾಗ್ತಿತ್ತು? ಡಿಸೆಂಬರ್ ಮೂವತ್ತನೇ ತಾರೀಖು ಅಂತ ಬರ್ಸು. ನನ್ನ ರುಜು ಹಾಕ್ತೀನಿ."

"ಬೈಬಲ್ ಮೇಲೆ ಕೈಯಿಡಬೇಕಂತೆ."

"ಆರು ಹೆತ್ತವಳು ನೀನು. ದೇವರಿಗೆ ಕಣ್ಣಿಲ್ವಾ? ಅವನಿಗೂ ನಿನ್ನ ಕಷ್ಟ ಕಾಣುತ್ತೆ ಬಿಡು."

"ಎಂಟು ಗಂಟೆಯಿಂದ ಹನ್ನೊಂದೂವರೆವರೆಗೆ" ಎಂದಳು ಹುಲ್ಡಾ. "ಅಷ್ಟು ಹೊತ್ತು ಒಬ್ಬ ಮನೇಲಿಲ್ಲದೆ ಇದ್ರೆ ಸಾಕು ನಂಗೆ."

ಆರ್ನೊ ಸಂಜೆ ಬೂಟು ಬಿಚ್ಚುತ್ತ, "ಮನೇಲಿ ಅವರ ಜೊತೆ ಇರೋಳು ನೀನು. ನಿಂಗೆ ತೋಚಿದ ಹಾಗೆ ಮಾಡು" ಎಂದ. ಮರುದಿನ ಹುಲ್ಡಾ ಓಲ್ಗಾಳ ಜೊತೆ ಕಚೇರಿಗೆ ಹೋಗಿ ಬೈಬಲಿನ ಮೇಲೆ ಕೈಯಿಟ್ಟಳು. ಮನೆಗೆ ಬಂದವಳೇ ಮೂರನೆಯ ಮೊಳೆಯಿಂದ ಪತ್ರ ತೆಗೆದಳು.

ವರ್ಲಿನ್ ತರಗತಿಗೆಲ್ಲ ಚಿಕ್ಕವನಾದ. ನಲವತ್ತೆಂಟು ಮಕ್ಕಳಲ್ಲಿ ಅವನೊಬ್ಬನ ಕಾಲು ಮಾತ್ರ ನೆಲಕ್ಕೆ ಎಟುಕುತ್ತಿರಲಿಲ್ಲ. ಮೊದಲ ವಾರ ಬೆಂಚಿನ ಮೇಲೆಯೇ ನಿದ್ದೆ ಹೋಗುತ್ತಿದ್ದ. ಓದಿನಲ್ಲಿ ಕೊನೆಯವರೆಗೂ ಹಿಂದೆ ಉಳಿದ. ಆದರೆ ಆ ಬೆಂಚಿನಲ್ಲಿ ಅವನಿಗೊಬ್ಬ ಗೆಳೆಯ ಸಿಕ್ಕಿದ, ಡುವೇನ್ ಸ್ಟೋಲ್ಜ್. ಡುವೇನ್ ಅವನಿಗಿಂತ ಸರಿಯಾಗಿ ಒಂದು ವರ್ಷಕ್ಕೆ ದೊಡ್ಡವನು. ಅವನ ಹುಟ್ಟಿದ ದಿನ ಜನವರಿ ಮೂರು.

ಹುಲ್ಡಾ ವರ್ಷವರ್ಷವೂ ಡಿಸೆಂಬರ್ ಮೂವತ್ತಕ್ಕೆ ಮಗನ ಹುಟ್ಟುಹಬ್ಬ ಮಾಡುತ್ತಿದ್ದಳು. ಅಂಗಡಿಯ ಕೇಕು, ಮೇಲೆ ಮೇಣದ ಬತ್ತಿಗಳು. ನಾಲ್ಕು ದಿನ ಕಳೆದ ಮೇಲೆ, ಜನವರಿ ಮೂರಕ್ಕೆ, ತನ್ನ ಕೈಯಾರೆ ಹಿಟ್ಟು ಕಲಸಿ ಸೇಬಿನ ಕೇಕು ಮಾಡುತ್ತಿದ್ದಳು. ಅದಕ್ಕೆ ಬತ್ತಿಯಿಲ್ಲ, ಹಾಡಿಲ್ಲ, ಕಾರಣವೂ ಇಲ್ಲ. ಮಕ್ಕಳು ಕೇಳಿದರೆ, "ಸೇಬು ಕೊಳೀತಾ ಇತ್ತು" ಎನ್ನುವಳು. ಒಂದು ವರ್ಷ ಆ ದಿನ ಡುವೇನ್ ಮನೆಯಲ್ಲಿದ್ದ. "ಆಂಟಿ, ಇವತ್ತು ನನ್ನ ಹುಟ್ಟುಹಬ್ಬ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಬಾಯಿ ತುಂಬ ಕೇಕು ತುಂಬಿಕೊಂಡು ಕೇಳಿದ. ಅಲ್ಲಿಂದ ಮುಂದೆ ಅದು ಡುವೇನ್‌ನ ಕೇಕು ಎಂದೇ ಆಯಿತು. "ಹೆತ್ತ ಮಗನಿಗೆ ಅಂಗಡಿದು, ಕಂಡೋರ ಮಗನಿಗೆ ಮನೇದು" ಎಂದು ವರ್ಲಿನ್ ಪ್ರತಿವರ್ಷ ಅಣಕಿಸುತ್ತಿದ್ದ. ಹುಲ್ಡಾ ಅವನ ತಟ್ಟೆಗೆ ದೊಡ್ಡ ತುಂಡನ್ನೇ ಹಾಕುತ್ತಿದ್ದಳು.

ಹೀಗೆ ಮಕ್ಕಳು ಬೆಳೆದರು. ವರ್ಲಿನ್ ಹದಿನೇಳಕ್ಕೆ ಶಾಲೆ ಮುಗಿಸಿ ಅಪ್ಪನ ಪಕ್ಕದಲ್ಲೇ ಕುರ್ಚಿಯ ಕಾಲುಗಳನ್ನು ಉಜ್ಜುವ ಕೆಲಸಕ್ಕೆ ಸೇರಿದ. ಹದಿನೆಂಟು ತುಂಬಿದಾಗ ಡ್ರಾಫ್ಟ್ ಆಫೀಸಿಗೆ ಹೋಗಿ, ಕಾನೂನಿನಂತೆ ಸೇನೆಯ ಪಟ್ಟಿಯಲ್ಲಿ ಹೆಸರು ಬರೆಸಿದ. ಹುಟ್ಟಿದ ದಿನ ಕೇಳಿದರು. ಅವನು ತಿಳಿದದ್ದನ್ನೇ ಹೇಳಿದ.

ವಿಯೆಟ್ನಾಂ ಯುದ್ಧ ಆಗ ನಡೆಯುತ್ತಿತ್ತು. ಅರವತ್ತೊಂಬತ್ತರ ನವೆಂಬರ್ ಕೊನೆಯಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಡಿಸೆಂಬರ್ ಒಂದು, ಸೋಮವಾರ, ಲಾಟರಿ ಎತ್ತುತ್ತಾರೆ. ವರ್ಷದ ಎಲ್ಲ ದಿನಗಳನ್ನೂ ಚೀಟಿಯಲ್ಲಿ ಬರೆದು ಗಾಜಿನ ಜಾಡಿಗೆ ಹಾಕಿ ಒಂದೊಂದಾಗಿ ತೆಗೆಯುತ್ತಾರೆ. ಮೊದಲು ಬಂದ ದಿನದಲ್ಲಿ ಹುಟ್ಟಿದವರು ಮೊದಲು ಹೋಗಬೇಕು.

"ಯಾಕೆ ಲಾಟರಿ?" ಎಂದು ಹುಲ್ಡಾ ಗಂಡನನ್ನು ಕೇಳಿದಳು. "ನಿಮ್ಮ ಕಾಲದಲ್ಲಿ ಇರಲಿಲ್ಲವಲ್ಲ."

"ನಮ್ಮ ಕಾಲದಲ್ಲಿ ಎಲ್ಲರೂ ಬೇಕಾಗಿದ್ರು. ಈಗ ಹುಡುಗರು ಜಾಸ್ತಿ ಆಗಿದಾರೆ. ಅಷ್ಟೂ ಜನ ಯುದ್ಧಕ್ಕೆ ಬೇಡ" ಎಂದ ಆರ್ನೊ.

ಹುಲ್ಡಾ ಪಾತ್ರೆ ತೊಳೆಯುತ್ತಿದ್ದವಳು ನಿಂತಳು. ಶಾಲೆಯ ಬಾಗಿಲಿಗೆ ಹೋದಾಗಲೂ ಈ ಮಕ್ಕಳು ಜಾಸ್ತಿ. ಬೆಂಚಿಗೆ ಜಾಸ್ತಿ, ಈಗ ಸಾವಿಗೂ ಜಾಸ್ತಿ. ಪ್ರತಿ ಬಾಗಿಲಲ್ಲೂ ಯಾರೋ ನಿಂತು ತಾರೀಖು ಕೇಳುತ್ತಾರೆ.

ಅವರ ಚರ್ಚಿನಲ್ಲಿ ಹಳೆಯದೊಂದು ಪದ್ಧತಿ. ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬರುವವರು ಮುಂಚಿನ ಶುಕ್ರವಾರ ಪಾದ್ರಿಯ ಮನೆಗೆ ಹೋಗಿ ಹೆಸರು ಹೇಳಬೇಕು. ಪಾದ್ರಿ ಹೆಸರು ಬರೆದುಕೊಂಡು, "ಮನಸ್ಸಿನ ಮೇಲೆ ಭಾರವೇನಾದರೂ ಇದೆಯೇ?" ಎಂದು ಕೇಳುತ್ತಾರೆ. ಇಲ್ಲವೆಂದರೆ ಸಮಾಧಾನದಿಂದ ಹೋಗಿ ಎನ್ನುತ್ತಾರೆ. ಹದಿನೈದು ವರ್ಷ ಹುಲ್ಡಾ ಇಲ್ಲವೆಂದೇ ಹೇಳಿದ್ದಳು.

ಆ ಶುಕ್ರವಾರವೂ ಹೋದಳು. ಮುದಿ ಪಾದ್ರಿ ತೀರಿಹೋಗಿ, ಅವರ ಜಾಗಕ್ಕೆ ರೋಸ್ನರ್ ಎಂಬ ಮಧ್ಯವಯಸ್ಸಿನವರು ಬಂದು ಹತ್ತು ವರ್ಷವಾಗಿತ್ತು. ಅವರು ಪ್ರಶ್ನೆ ಕೇಳಿ ತಲೆಯೆತ್ತಿದರು. ಹುಲ್ಡಾ ಬಾಯಿ ತೆರೆದಳು. ಹೇಳಬೇಕೆಂದೇ ಬಂದಿದ್ದಳು. ಆದರೆ ಬರುವ ದಾರಿಯಲ್ಲಿ ಇನ್ನೊಂದು ಯೋಚನೆ ಅವಳನ್ನು ಹಿಡಿದಿತ್ತು. ಸೋಮವಾರ ದೇವರು ದಿನಗಳನ್ನು ಆರಿಸುವವನಿದ್ದಾನೆ. ಅದಕ್ಕೆ ಮುಂಚೆ ತಾನು ಹೋಗಿ ತಾರೀಖು ಬದಲಾಯಿಸಿದರೆ, ಅದು ಎರಡನೆಯ ಸಲ ದೇವರ ಕೈ ಹಿಡಿದು ತಿರುಗಿಸಿದಂತೆ. ಬದಲಾಯಿಸಿದ ದಿನವೇ ಮೊದಲು ಬಂದರೆ? ಆಗ ಮಗನನ್ನು ಕಳಿಸಿದವಳು ತಾನೇ ಆಗುವುದಿಲ್ಲವೇ? ಒಂದು ಸಲ ಮುಟ್ಟಿದ್ದೇ ಪಾಪ, ಇನ್ನೊಂದು ಸಲ ಮುಟ್ಟಬಾರದು. ಇದು ಅವಳಿಗೆ ಭಕ್ತಿಯೆಂದೇ ತೋರಿತು. ಅದರ ಕೆಳಗೆ ನಾಚಿಕೆ ಇತ್ತೋ ಏನೋ, ಅವಳಿಗೇ ತಿಳಿಯದು.

"ಭಾರವೇನೂ ಇಲ್ಲ, ಅಯ್ಯನವರೇ" ಎಂದಳು.

ಸೋಮವಾರ ಸಂಜೆ ಊಟವಾದ ಮೇಲೆ ಎಲ್ಲರೂ ಟೀವಿಯ ಮುಂದೆ ಕೂತರು. ಡುವೇನ್ ಕೂಡ ಬಂದಿದ್ದ. ಸೂಟು ಹಾಕಿದವರು ಮಾತಾಡಿದರು, ಪ್ರಾರ್ಥನೆ ಮಾಡಿದರು. ಆಮೇಲೆ ಒಬ್ಬರು ಜಾಡಿಗೆ ಕೈ ಹಾಕಿ ಚೀಟಿ ತುಂಬಿದ ನೀಲಿಯ ಗೋಲಿಯೊಂದನ್ನು ತೆಗೆದರು. ಸೆಪ್ಟೆಂಬರ್ ಹದಿನಾಲ್ಕು. ಎರಡನೆಯದು ಏಪ್ರಿಲ್ ಇಪ್ಪತ್ತನಾಲ್ಕು.

ಮೂರನೆಯದು ಡಿಸೆಂಬರ್ ಮೂವತ್ತು.

ವರ್ಲಿನ್ ಒಂದು ಗಳಿಗೆ ಬಿಟ್ಟು ನಕ್ಕ. "ಹದಿಮೂರು ವರ್ಷ ಶಾಲೆಗೆ ಹೋದೆ, ಒಂದು ಸಲಾನೂ ಮೊದಲ ಮೂರರಲ್ಲಿ ಬರ್ಲಿಲ್ಲ. ನೋಡಮ್ಮ, ಕೊನೆಗೂ ಬಂದೆ."

ಹುಲ್ಡಾ ಎದ್ದು ಅಡುಗೆಮನೆಗೆ ಹೋದಳು. ಆರ್ನೊ ಅವಳ ಕಡೆ ನೋಡಲಿಲ್ಲ.

ಬೆಳಗ್ಗೆ ಡುವೇನ್ ಪತ್ರಿಕೆ ಹಿಡಿದುಕೊಂಡು ಬಂದ. ಮುಖದಲ್ಲಿ ಸಂತೋಷ ಹಾಗೂ ಸಂಕೋಚ ಎರಡೂ ಇದ್ದವು. "ನಂದು ಇನ್ನೂರ ಐವತ್ತೊಂದು, ಆಂಟಿ. ಅಷ್ಟು ದೂರ ಬರಲ್ಲವಂತೆ. ನಾನು ಬಚಾವು."

"ಜನವರಿ ಮೂರು" ಎಂದಳು ಹುಲ್ಡಾ.

"ಹೂಂ. ನಿಮ್ಮ ಕೇಕಿನ ಪುಣ್ಯ."

ಅವನು ಹೋದ ಮೇಲೆ ಹುಲ್ಡಾ ಡ್ರಾಯರಿನಿಂದ ಪತ್ರ ತೆಗೆದಳು. ಕೋಟು ಹಾಕಿಕೊಂಡು ಡ್ರಾಫ್ಟ್ ಆಫೀಸಿಗೆ ನಡೆದಳು. ಅಲ್ಲಿ ಗುಮಾಸ್ತೆಯಾಗಿದ್ದವಳು ಲಿಯೋನಾ ಬೆಕರ್. ಅದೇ ಚರ್ಚಿನವಳು, ಹೊಲಿಗೆ ಸಂಘದಲ್ಲಿ ಹುಲ್ಡಾಳ ಪಕ್ಕ ಕೂರುವವಳು.

"ಬಾ ಹುಲ್ಡಾ. ಬೆಳಗ್ಗೆಯಿಂದ ನೀನು ನಾಲ್ಕನೆಯವಳು" ಎಂದಳು ಲಿಯೋನಾ. "ಒಬ್ಬಳ ಮಗನಿಗೆ ರಾತ್ರೋರಾತ್ರಿ ಬೆನ್ನುನೋವು ಬಂದಿದೆ. ಇನ್ನೊಬ್ಬಳ ಮಗನಿಗೆ ಪಾದ್ರಿ ಆಗೋ ಆಸೆ ಹುಟ್ಟಿದೆ. ನಿನ್ನ ಮಗನಿಗೇನು?"

ಹುಲ್ಡಾ ಪತ್ರವನ್ನು ಮೇಜಿನ ಮೇಲಿಟ್ಟಳು. ಲಿಯೋನಾ ಕನ್ನಡಕ ಸರಿಮಾಡಿಕೊಂಡು ಓದಿದಳು. ಅವಳ ಧ್ವನಿ ಬದಲಾಯಿತು.

"ಇದು ನಿಜಾನಾ?"

"ನಿಜ. ಮುದಿ ಅಯ್ಯನವರ ಕೈಬರಹ. ಚರ್ಚಿನ ಪುಸ್ತಕದಲ್ಲೂ ಇದೆ."

"ಅಯ್ಯೋ ಹುಲ್ಡಾ." ಲಿಯೋನಾ ಎದ್ದುಹೋಗಿ ಒಂದು ಪುಸ್ತಕ ತಂದಳು. ಒಂದು ಪುಟ ತೆಗೆದು ಬೆರಳಿಟ್ಟಳು. "ಲಾಟರಿಯ ಹಿಂದಿನ ದಿನ ನಮ್ಮ ಕಡತದಲ್ಲಿ ಯಾವ ತಾರೀಖು ಇತ್ತೋ ಅದೇ ತಾರೀಖು. ಆಮೇಲೆ ಯಾರು ಏನು ತಂದುಕೊಟ್ಟರೂ ಬದಲಾಯಿಸೋ ಹಾಗಿಲ್ಲ. ದೇವದೂತ ಬಂದು ಸಾಕ್ಷಿ ಹೇಳಿದ್ರೂ ಇಲ್ಲ."

"ಹಿಂದಿನ ದಿನ ಅಂದ್ರೆ ಭಾನುವಾರ."

"ಭಾನುವಾರ ರಜ. ಶುಕ್ರವಾರ ಬಂದಿದ್ರೆ ಬರ್ಕೋತಿದ್ದೆ" ಎಂದಳು ಲಿಯೋನಾ. "ಐದು ನಿಮಿಷದ ಕೆಲಸ. ಶುಕ್ರವಾರ ಎಲ್ಲಿದ್ದೆ ನೀನು?"

ಶುಕ್ರವಾರ ತಾನು ಎಲ್ಲಿದ್ದೆನೆಂದು ಹುಲ್ಡಾ ಹೇಳಲಿಲ್ಲ. ಪತ್ರವನ್ನು ಮಡಿಚದೆ ಎದೆಗೆ ಹಿಡಿದುಕೊಂಡು ಮನೆಗೆ ಬಂದಳು. "ಇದನ್ನ ಯಾರಿಗೂ ಹೇಳಬೇಡ" ಎಂದು ಲಿಯೋನಾಳನ್ನು ಕೇಳಿಕೊಂಡಿದ್ದಳು. ಲಿಯೋನಾ ಕೊನೆಯವರೆಗೂ ಆ ಮಾತನ್ನು ನಡೆಸಿದಳು.

ಇನ್ನು ಅವನಿಗೆ ಹೇಳಬೇಕು. ಅದೊಂದೇ ಉಳಿದದ್ದು. ತಡೆಯುವುದಕ್ಕೆ ಆಗದಿದ್ದರೂ, ತಾನು ಯಾತಕ್ಕಾಗಿ ಹೋಗುತ್ತಿದ್ದೇನೆಂದು ತಿಳಿದು ಹೋಗುವ ಹಕ್ಕು ಮಗನಿಗಿದೆ. ಡಿಸೆಂಬರ್ ಇಡೀ ಹುಲ್ಡಾ ಸಮಯ ಹುಡುಕಿದಳು. ಒಂದು ದಿನ ಅಕ್ಕ ಮಾರ್ಲಿಸ್ ತನ್ನ ಕೂಸಿನೊಂದಿಗೆ ಬಂದಿರುತ್ತಿದ್ದಳು. ಇನ್ನೊಂದು ದಿನ ಅವಳಿಗಳು ಜಗಳಾಡುತ್ತಿದ್ದರು. ತುಂಬಿದ ಮನೆಯಲ್ಲಿ ಒಬ್ಬನೇ ಸಿಗುವುದು ಅಪರೂಪ. ಸಿಕ್ಕಾಗ ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು.

ಜನವರಿ ಮೂರರಂದು ಸೇಬಿನ ಕೇಕು ಮಾಡಿದಳು. ಡುವೇನ್ ಬರಲು ಇನ್ನೂ ಹೊತ್ತಿತ್ತು. ವರ್ಲಿನ್ ಮೇಜಿನ ಮುಂದೆ ಕೂತಿದ್ದ. ಫೆಬ್ರವರಿಯಲ್ಲಿ ಹಾಜರಾಗಬೇಕೆಂಬ ಆಜ್ಞೆ ಆಗಲೇ ಬಂದಿತ್ತು.

"ಈ ಸಲ ಡಬಲ್ ಖುಷಿ ಅವನಿಗೆ. ಇನ್ನೂರ ಐವತ್ತೊಂದು, ಮೇಲೆ ಕೇಕು" ಎಂದ ವರ್ಲಿನ್.

"ಇದು ಅವನ ಕೇಕಲ್ಲ" ಎಂದಳು ಹುಲ್ಡಾ.

"ಮತ್ಯಾರದ್ದು?"

ಅವನು ತಲೆಯೆತ್ತಿ ನೋಡುತ್ತಿದ್ದ. ಇಪ್ಪತ್ತು ವರ್ಷದ ಮುಖ. ಕಿವಿಯ ಹಿಂದೆ ಮರದ ಹುಡಿ. ನಾಲ್ಕೂವರೆ ವಯಸ್ಸಿನಲ್ಲಿ "ಯಾಕೆ" ಎಂದು ಕೇಳುತ್ತಿದ್ದ ಅದೇ ಕಣ್ಣು. ಈಗ ನಿಜ ಹೇಳಿದರೆ ಅವನು ಮತ್ತೆ ಅದನ್ನೇ ಕೇಳುತ್ತಾನೆ. ಯಾಕೆ? ನೀನು ಮನೆಯಲ್ಲಿ ಇರಬಾರದೆಂದು. ಇದಲ್ಲದೆ ಬೇರೆ ಉತ್ತರ ಅವಳಲ್ಲಿರಲಿಲ್ಲ.

"ಸೇಬು ಕೊಳೀತಾ ಇತ್ತು" ಎಂದಳು.

ಫೆಬ್ರವರಿಯಲ್ಲಿ ಅವನು ಬಸ್ಸು ಹತ್ತಿದ. ಜುಲೈಯಲ್ಲಿ ವಿಯೆಟ್ನಾಮಿಗೆ ಹೋದ. ಕಾಗದಗಳು ಬರುತ್ತಿದ್ದವು. ಮಳೆ, ಜಿಗಣೆ, ಪಕ್ಕದ ಮಂಚದವನ ಗೊರಕೆ. ಎಪ್ಪತ್ತೊಂದರ ಜನವರಿ ಮೂರರಂದು ಬರೆದ ಕಾಗದ ಹನ್ನೆರಡನೆಯ ತಾರೀಖು ತಲುಪಿತು. "ಅಮ್ಮ, ಇವತ್ತು ಡುವೇನ್ ನಮ್ಮ ಮನೇಲಿ ಕೂತು ಕೇಕು ತಿಂತಿರ್ತಾನೆ. ಇಲ್ಲಿನವರಿಗೆ ಅದರ ವಿಷಯ ಹೇಳಿದೆ. ಯಾರಿಗೂ ಕಾರಣ ಗೊತ್ತಿಲ್ಲದ ಹಬ್ಬ ನಮ್ಮ ಮನೇಲಿ ಒಂದಿದೆ ಅಂದೆ. ನಕ್ಕರು. ಬಂದ ಮೇಲೆ ಕಾರಣ ಹೇಳ್ತೀಯಾ?"

ಹುಲ್ಡಾ ಆ ದಿನವೇ ಕೂತು ಬರೆದಳು. ಮೂರು ಹಾಳೆ ಹರಿದುಹಾಕಿ ನಾಲ್ಕನೆಯದರಲ್ಲಿ ಬರೆದು ಮುಗಿಸಿದಳು. ಹಿಮ, ಓಲ್ಗಾ, ಅವಳಿಗಳು, ಬೈಬಲ್, ಶುಕ್ರವಾರ, ಎಲ್ಲವನ್ನೂ ಬರೆದಳು. ಕೊನೆಯಲ್ಲಿ, "ನೀನು ಮನೆಯಲ್ಲಿ ಇರಬಾರದೆಂದು ನಾನು ಬಯಸಿದ್ದು ಮೂರೂವರೆ ಗಂಟೆ ಮಾತ್ರ, ಮಗನೇ" ಎಂದು ಬರೆದಳು. ಲಕೋಟೆ ಅಂಟಿಸಿ, ಮರುದಿನ ಬೆಳಗ್ಗೆ ಕಾರ್ಖಾನೆಗೆ ಹೊರಟ ಗಂಡನ ಕೈಗೆ ಕೊಟ್ಟು, "ಮರೀದೆ ಅಂಚೆಗೆ ಹಾಕು" ಎಂದಳು. ಆರ್ನೊ ಲಕೋಟೆಯ ದಪ್ಪ ನೋಡಿದ. ಏನೂ ಕೇಳದೆ ಕೋಟಿನ ಒಳಜೇಬಿಗೆ ಇಟ್ಟುಕೊಂಡ.

ಇಪ್ಪತ್ತೊಂದನೆಯ ತಾರೀಖು, ಗುರುವಾರ, ಬೆಳಗ್ಗೆ ಹತ್ತು ಗಂಟೆಗೆ, ಸಮವಸ್ತ್ರದ ಇಬ್ಬರು ಬಾಗಿಲಿಗೆ ಬಂದರು. ಟೋಪಿ ಕಂಕುಳಲ್ಲಿತ್ತು. ವರ್ಲಿನ್ ಹತ್ತೊಂಬತ್ತನೆಯ ತಾರೀಖು ಸತ್ತಿದ್ದ. ಬಂದವರು ಓದಿದ ಕಾಗದದಲ್ಲಿ ಅವನ ಹೆಸರಿತ್ತು, ಸಂಖ್ಯೆಯಿತ್ತು, ಹುಟ್ಟಿದ ದಿನ ಡಿಸೆಂಬರ್ ಮೂವತ್ತು ಎಂದಿತ್ತು.

ಹತ್ತು ದಿನ ಕಳೆದು ಪೆಟ್ಟಿಗೆ ಬಂತು. ಶವಸಂಸ್ಕಾರದ ಹಿಂದಿನ ದಿನ ಪಾದ್ರಿ ರೋಸ್ನರ್ ದೊಡ್ಡ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಅವರ ಪದ್ಧತಿಯಲ್ಲಿ ಉಪದೇಶಕ್ಕೆ ಮುಂಚೆ ಸತ್ತವನ ಜೀವನವನ್ನು ಪೀಠದಿಂದ ಓದುತ್ತಾರೆ. ಯಾವ ದಿನ ಹುಟ್ಟಿದ, ಯಾವ ದಿನ ದೀಕ್ಷಾಸ್ನಾನವಾಯಿತು, ಯಾವ ದಿನ ಕರ್ತನು ಕರೆದುಕೊಂಡ. ಅದನ್ನು ಬರೆಯಲು ಕೂತಾಗ ಅವರು ಹಳೆಯ ಪುಟ ತೆಗೆದಿದ್ದರು.

"ನಮ್ಮ ಪುಸ್ತಕದಲ್ಲಿ ಜನವರಿ ಮೂರು ಅಂತಿದೆ" ಎಂದರು. "ಸೇನೆಯವರ ಕಾಗದದಲ್ಲಿ ಬೇರೆ ಇದೆ. ಹಳೆ ಅಯ್ಯನವರು ತಪ್ಪು ಬರೆದಿರಬಹುದಾ, ಹುಲ್ಡಾ?"

"ಅವರು ತಪ್ಪು ಬರೀಲಿಲ್ಲ" ಎಂದಳು ಹುಲ್ಡಾ. ಆಮೇಲೆ ಎಲ್ಲವನ್ನೂ ಹೇಳಿದಳು. ಅಳದೆ ಹೇಳಿದಳು. ಆರ್ನೊ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಪಾದ್ರಿ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ನಾಳೆ ಹುಟ್ಟಿದ ದಿನ ಬಿಟ್ಟು ಓದಬಹುದು" ಎಂದರು. "ಇಸವಿ ಮಾತ್ರ ಹೇಳ್ತೀನಿ. ಯಾರೂ ಗಮನಿಸಲ್ಲ."

"ಹಾಗೇ ಮಾಡಿ ಅಯ್ಯನವರೇ" ಎಂದ ಆರ್ನೊ, ತಿರುಗದೆಯೇ. "ಈಗ ಹೇಳಿ ಏನು ಬಂತು? ಚರ್ಚಿನ ತುಂಬ ಅವನ ಜೊತೆ ಓದಿದ ಹುಡುಗರು. ಪ್ರತಿ ತಾರೀಖಿನ ನಂಬರೂ ಅವರಿಗೆ ಬಾಯಿಪಾಠ.  ಕೇಳಿದ ಕೂಡಲೇ ಲೆಕ್ಕ ಹಾಕ್ತಾರೆ. ಮಕ್ಕಳು ನಿನ್ನ ಮುಖ ನೋಡಲ್ಲ, ಹುಲ್ಡಾ."

ಹುಲ್ಡಾ ಗಂಡನನ್ನೇ ನೋಡಿದಳು. "ಆರ್ನೊ, ಆ ಕಾಗದ ಅಂಚೆಗೆ ಹಾಕಿದ್ಯಾ?"

ಅವನು ಎದ್ದು, ಬಾಗಿಲ ಹಿಂದೆ ತೂಗುತ್ತಿದ್ದ ಕೋಟಿನ ಒಳಜೇಬಿಗೆ ಕೈಹಾಕಿ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಮೂಲೆಗಳು ಮುದುಡಿದ್ದವು.

"ಕೈಯಲ್ಲಿ ಬಂದೂಕು ಹಿಡಿದು ನಿಂತವನಿಗೆ ಇಂಥದ್ದು ತಲುಪಬಾರದು ಅಂತ" ಎಂದ. "ಬಂದ ಮೇಲೆ ನೀನೇ ಹೇಳಬಹುದು ಅಂದುಕೊಂಡೆ." ಮತ್ತೆ ಕಿಟಕಿಯ ಕಡೆ ಹೋಗಿ ನಿಂತ.

ಹುಲ್ಡಾ ಲಕೋಟೆಯನ್ನು ಮುಟ್ಟಲಿಲ್ಲ. "ಓದಿ ಅಯ್ಯನವರೇ" ಎಂದಳು. "ಅವನಿಗೆ ಹೇಳಲಿಲ್ಲ. ಅವನ ಪೆಟ್ಟಿಗೆಯ ಮುಂದಾದರೂ ನಿಜ ಹೇಳಬೇಕು. ನಿಮ್ಮ ಪುಸ್ತಕದಲ್ಲಿ ಇದ್ದ ಹಾಗೇ ಓದಿ."

ಮರುದಿನ ಚರ್ಚು ತುಂಬಿತ್ತು. ಒಂದು ಕಾಲಕ್ಕೆ ಅಳುತ್ತ ಆ ಬೆಂಚುಗಳನ್ನು ತುಂಬಿದ್ದ ಕೂಸುಗಳೇ ಈಗ ಕಪ್ಪು ಕೋಟು ತೊಟ್ಟು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಪೆಟ್ಟಿಗೆ ಹೊತ್ತ ಆರು ಜನರಲ್ಲಿ ಡುವೇನ್ ಒಬ್ಬ. ಮುಂದಿನ ಸಾಲಿನ ತುದಿಯಲ್ಲಿ ಅವನು ಕೂತಿದ್ದ.

ಪಾದ್ರಿ ಓದಿದರು. "ವರ್ಲಿನ್ ಆರ್ನೊ ಕ್ರೂಗರ್, ಸಾವಿರದ ಒಂಬೈನೂರ ಐವತ್ತನೆಯ ಇಸವಿ ಜನವರಿ ಮೂರನೆಯ ತಾರೀಖು ಈ ಊರಿನಲ್ಲಿ ಹುಟ್ಟಿದನು."

ಡುವೇನ್ ತಲೆಯೆತ್ತಿದ. ಅವನ ಹಿಂದಿನ ಸಾಲಿನಲ್ಲಿ ಒಬ್ಬ ಇನ್ನೊಬ್ಬನ ಕಡೆ ತಿರುಗಿದ. ಪಿಸುಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಇನ್ನೂರ ಐವತ್ತೊಂದು ಎಂಬುದನ್ನು ಹುಲ್ಡಾ ಕಿವಿಯಾರೆ ಕೇಳಿದಳು. ಮಾರ್ಲಿಸ್ ಅಮ್ಮನ ಕೈಯನ್ನು ಹಿಡಿದುಕೊಂಡಿದ್ದಳು. ಅವಳ ಹಿಡಿತ ಮೆಲ್ಲನೆ ಸಡಿಲವಾಯಿತು. ಪಾದ್ರಿ ನಿಲ್ಲಿಸದೆ ಮುಂದೆ ಓದಿದರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಸಂಘದ ಹೆಂಗಸರು ರೊಟ್ಟಿ, ಹಂದಿಮಾಂಸ, ಆಲೂಗಡ್ಡೆ, ಮನೆಮನೆಯಿಂದ ಬಂದ ಕೇಕುಗಳನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸಿದ್ದರು. ಹುಲ್ಡಾ ಒಂದು ಮೂಲೆಯಲ್ಲಿ ಕೂತಳು. ಅವಳ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಜನ ಬಂದು ಕೈ ಹಿಡಿದು ಎರಡು ಮಾತು ಹೇಳಿ ಬೇಗ ಬೇಗ ಹೋಗುತ್ತಿದ್ದರು. ಲಿಯೋನಾ ಒಬ್ಬಳು ಕಾಫಿ ತಂದಿಟ್ಟು, ಭುಜ ಮುಟ್ಟಿ ಹೋದಳು.

ಡುವೇನ್ ಬಂದು ಎದುರಿಗೆ ನಿಂತ. ಅವನ ತಟ್ಟೆಯಲ್ಲಿ ಯಾರೋ ಸೇಬಿನ ಕೇಕಿನ ತುಂಡು ಹಾಕಿದ್ದರು.

"ಆ ಕೇಕು ನಂದಲ್ಲ ಅಲ್ವಾ, ಆಂಟಿ?"

"ಅಲ್ಲಪ್ಪ."

ಅವನು ತಟ್ಟೆಯನ್ನು ನೋಡಿದ. "ಇಷ್ಟು ವರ್ಷ ನಾನು ಅವನದ್ದು ತಿಂದೆ." ತಟ್ಟೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟು, ಕೋಟು ತೆಗೆದುಕೊಂಡು ಹೊರಟುಹೋದ. ಆಮೇಲೆ ಅವನು ಆ ಮನೆಗೆ ಬರಲಿಲ್ಲ.

ಮಾರ್ಲಿಸ್ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ.

"ಯಾಕಮ್ಮ?" ಎಂದಳು.

ಹುಲ್ಡಾ ಮಗಳ ಮುಖ ನೋಡಿದಳು. ಕೂಸು ಅತ್ತು ಹಟ ಮಾಡುತ್ತ ಮಾರ್ಲಿಸ್‌ಳ ಕೂದಲು ಎಳೆಯುತ್ತಿತ್ತು. ಮಾರ್ಲಿಸ್ ನಿದ್ದೆಯಿಲ್ಲದ ಕಣ್ಣಿನಿಂದ ಅದರ ಬೆರಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

"ಎಂಟು ಗಂಟೆಯಿಂದ ಹನ್ನೊಂದೂವರೆವರೆಗೆ" ಎಂದಳು ಹುಲ್ಡಾ. "ಅಷ್ಟು ಹೊತ್ತು ಒಬ್ಬ ಮನೇಲಿಲ್ಲದೆ ಇರಲಿ ಅಂತ."

ಮಾರ್ಲಿಸ್ ಕೂಸಿನ ಮುಷ್ಟಿಯಿಂದ ಕೂದಲು ಬಿಡಿಸಿಕೊಂಡು, ಅದನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಅಲ್ಲೇ ನಿಂತಿದ್ದಳು. ಕೂರಲೂ ಇಲ್ಲ, ಹೋಗಲೂ ಇಲ್ಲ.

ಬೇಸಿಗೆಯಲ್ಲಿ ಸರ್ಕಾರದ ಬಿಳಿಯ ಕಲ್ಲು ಬಂತು. ಅದರ ಮೇಲೆ ಡಿಸೆಂಬರ್ ಮೂವತ್ತು ಎಂದೇ ಕೆತ್ತಿದ್ದರು. ಆರ್ನೊ ಬರೆದು ತಿದ್ದಿಸೋಣವೆಂದ. ಹುಲ್ಡಾ ಬೇಡವೆಂದಳು. ತನ್ನ ಕೈಯಿಂದ ಆದದ್ದು ಎಲ್ಲರ ಕಣ್ಣಿಗೂ ಕಾಣುವಂತೆ ಇರಲಿ ಎಂದಳು. ಗೋಡೆಯ ಮೂರನೆಯ ಮೊಳೆಗೆ ಪತ್ರ ಮತ್ತೆ ಬಂದಿತ್ತು. ಶಾಲೆ ಮತ್ತೆ ಶುರುವಾದಾಗಿನಿಂದ, ಬೆಳಗ್ಗೆ ಎಂಟು ಗಂಟೆಗೆ ಆರ್ನೊ ಕೆಲಸಕ್ಕೆ, ಅವಳಿಗಳು ಶಾಲೆಗೆ ಹೋದ ಮೇಲೆ ಅವಳು ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮನೆಯಲ್ಲಿ ಸದ್ದಿರುತ್ತಿರಲಿಲ್ಲ. ಅವಳು ಬೇಡಿಕೊಂಡಿದ್ದು ಈಗ ಸಿಕ್ಕಿತ್ತು. ಹನ್ನೊಂದೂವರೆಯಾದರೂ ಬಾಗಿಲು ತೆರೆಯುತ್ತಿರಲಿಲ್ಲ.